ಗಣಕದ ಸ್ಮೃತಿ: ಅಗ್ಗದ ಆಯ್ಕೆಯ ಹಿಂದಿನ ಇತಿಹಾಸ



ನೀವು ಬೆಂಗಳೂರಿನ ಗೋವಿಂದರಾಜನಗರದವರು ಎಂದಿಟ್ಟುಕೊಳ್ಳಿ. ಮನೆಯಲ್ಲಿ ಕೊಟ್ಟಿರುವ ಹಣ ಲೆಕ್ಕದ್ದು. ಅಷ್ಟರಲ್ಲೇ ಬಿಡಿಭಾಗಗಳನ್ನು ತಂದು ಗಣಕಯಂತ್ರವೊಂದನ್ನು ನೀವೇ ಜೋಡಿಸಬೇಕು. ವಿಜಯನಗರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಚಿಕ್ಕಪೇಟೆಯಲ್ಲಿ ಇಳಿದು ಎಸ್.ಪಿ. ರಸ್ತೆಗೆ ಹೋಗುತ್ತೀರಿ. ಅಂಗಡಿಯವರು ಕ್ಯಾಬಿನೆಟ್, ಮದರ್‌ಬೋರ್ಡ್‌ಗಳ ಬೆಲೆಯನ್ನು ಧೈರ್ಯವಾಗಿ ಬರೆದುಕೊಡುತ್ತಾರೆ. ರ‍್ಯಾಮ್ ಎಂಬ ಸಾಲಿಗೆ ಬಂದಾಗ ಮಾತ್ರ ‘ಇದು ಇವತ್ತಿನ ರೇಟು’ ಎನ್ನುತ್ತಾರೆ. ಗೇಣುದ್ದವೂ ಇಲ್ಲದ ಈ ಹಸಿರು ಪಟ್ಟಿಯ ಬೆಲೆ ಹೀಗೇಕೆ ಏರಿಳಿಯುತ್ತದೆ? ಅಗ್ಗದ್ದನ್ನು ಆರಿಸುವಾಗ ಯಾವುದನ್ನು ನೋಡಬೇಕು? ಎರಡಕ್ಕೂ ಉತ್ತರ ಸ್ಮೃತಿಯ ಇತಿಹಾಸದಲ್ಲಿದೆ.

ಉಂಗುರಗಳ ಕಾಲ

ಗಣಕದ ಸ್ಮೃತಿಯೆಂದರೆ ‘ಹೌದು’ ಅಥವಾ ‘ಇಲ್ಲ’ ಎಂಬ ಎರಡೇ ಸಂಗತಿಗಳನ್ನು ಹಿಡಿದಿಡುವ ಮನೆಗಳ ಸಾಲು. ಇಂಥ ಒಂದು ಮನೆಯೇ ಒಂದು ಬಿಟ್. 1953ರಲ್ಲಿ ಅಮೆರಿಕದ ಎಂ.ಐ.ಟಿ.ಯ ‘ವರ್ಲ್‌ವಿಂಡ್’ ಗಣಕದಲ್ಲಿ ಜೇ ಫಾರೆಸ್ಟರ್ ಅವರ ತಂಡ ಒಂದೊಂದು ಬಿಟ್‌ಗೂ ಒಂದೊಂದು ಸಣ್ಣ ಫೆರೈಟ್ ಉಂಗುರವನ್ನು ಬಳಸಿತು. ಉಂಗುರ ಯಾವ ದಿಕ್ಕಿಗೆ ಕಾಂತೀಯಗೊಂಡಿದೆ ಎಂಬುದೇ ಅದರ ನೆನಪು. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ನಮ್ಮವರೇ ಕಟ್ಟಿದ ‘ಟಿಫ್ರಾಕ್’ ಗಣಕದ ಸ್ಮೃತಿಯೂ ಇದೇ ಬಗೆಯದು.

ಹೂವಾಡಗಿತ್ತಿಯರು ಮಾಲೆ ಕಟ್ಟುವಂತೆ ಈ ಉಂಗುರಗಳೊಳಗೆ ತಂತಿ ಪೋಣಿಸಬೇಕಿತ್ತು. ವಿದೇಶಗಳ ಕಾರ್ಖಾನೆಗಳಲ್ಲಿ ಈ ಕೆಲಸವನ್ನು ಹೆಚ್ಚಾಗಿ ಮಹಿಳೆಯರೇ ಮಾಡುತ್ತಿದ್ದರು. ಒಂದು ಮೆಗಾಬೈಟ್ ಸ್ಮೃತಿಗೆ 83,88,608 ಉಂಗುರಗಳು ಬೇಕು. ಅಂದಿನ ಸ್ಮೃತಿಯ ಬೆಲೆ ಬಹುಮಟ್ಟಿಗೆ ಬೆರಳುಗಳ ದುಡಿಮೆಯ ಬೆಲೆಯಾಗಿತ್ತು.

ಸೋರುವ ಬಿಂದಿಗೆ

ಈ ಲೆಕ್ಕವನ್ನು ಬದಲಾಯಿಸಿದವರು ಐ.ಬಿ.ಎಂ. ಸಂಸ್ಥೆಯ ರಾಬರ್ಟ್ ಡೆನಾರ್ಡ್. ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್ ಇದ್ದರೆ ಒಂದು ಬಿಟ್‌ಗೆ ಸಾಕು ಎಂಬುದು 1966ರಲ್ಲಿ ಅವರಿಗೆ ಹೊಳೆಯಿತು. 1968ರಲ್ಲಿ ಪೇಟೆಂಟ್ ದೊರೆಯಿತು. ಇದರಲ್ಲಿ ಒಂದು ತೊಡಕಿದೆ. ಕೆಪಾಸಿಟರ್ ಸೋರುವ ಬಿಂದಿಗೆಯಂತೆ. ತುಂಬಿದ ವಿದ್ಯುದಂಶ ಬೇಗ ಇಳಿದುಹೋಗುತ್ತದೆ. ಆದ್ದರಿಂದ ಸೆಕೆಂಡಿಗೆ ಹಲವು ಬಾರಿ ಅದನ್ನು ಮತ್ತೆ ತುಂಬುತ್ತಿರಬೇಕು. ಗಣಕ ಆರಿಸಿದೊಡನೆ ಉಳಿಸದ ಪಾಠ ಮಾಯವಾಗುವುದು ಇದರಿಂದಲೇ.

1970ರಲ್ಲಿ ಇಂಟೆಲ್ ಸಂಸ್ಥೆ ಮಾರುಕಟ್ಟೆಗೆ ತಂದ ‘1103’ ಚಿಪ್‌ನಲ್ಲಿ 1,024 ಬಿಟ್‌ಗಳಿದ್ದವು. ಇಂದಿನ 8 ಗಿಗಾಬೈಟ್ ಪಟ್ಟಿಯೊಂದರಲ್ಲಿ ಸುಮಾರು 6,871 ಕೋಟಿ ಬಿಟ್‌ಗಳಿವೆ. ಪೋಣಿಸುವ ಕೈಗಳ ಬದಲು ಅಚ್ಚೊತ್ತುವ ಯಂತ್ರ ಬಂದದ್ದರಿಂದ ಸ್ಮೃತಿ ಅಗ್ಗವಾಯಿತು. ಮನೆಯಲ್ಲಿ ಗಣಕ ಜೋಡಿಸುವ ಮಾತು ಸಾಧ್ಯವಾದದ್ದು ಆಮೇಲೆ.

ಕಚ್ಚು ಹೇಳುವ ಕಥೆ

ಆದರೆ ಅಗ್ಗದ ಪಟ್ಟಿಯೆಲ್ಲವೂ ನಿಮ್ಮ ಬೋರ್ಡಿಗೆ ಹೊಂದುವುದಿಲ್ಲ. 30 ಪಿನ್ನಿನ ಹಳೆಯ ಪಟ್ಟಿ ಒಮ್ಮೆಗೆ 8 ಬಿಟ್ ಮಾತ್ರ ಕೊಡುತ್ತಿತ್ತು. 486 ಪ್ರೊಸೆಸರ್ 32 ಬಿಟ್ ಕೇಳುತ್ತಿದ್ದುದರಿಂದ ನಾಲ್ಕು ಪಟ್ಟಿಗಳನ್ನು ಒಟ್ಟಿಗೆ ಹಾಕಬೇಕಿತ್ತು. 72 ಪಿನ್ನಿನ ಪಟ್ಟಿ 32 ಬಿಟ್ ಕೊಟ್ಟಿತು. ಅಷ್ಟರಲ್ಲಿ ಪೆಂಟಿಯಂ ಬಂದು 64 ಬಿಟ್ ಕೇಳಿತು. ಹಾಗಾಗಿ ಜೋಡಿ ಬೇಕಾಯಿತು. ‘ಸದ್ಯಕ್ಕೆ ಒಂದು ಸಾಕು’ ಎಂದು ಒಂದೇ ಪಟ್ಟಿ ಕೊಂಡವರ ಯಂತ್ರ ಸಾಮಾನ್ಯವಾಗಿ ಚಾಲೂ ಆಗುತ್ತಲೇ ಇರಲಿಲ್ಲ.

ಅನಂತರ ಡಿಡಿಆರ್ (2000), ಡಿಡಿಆರ್2 (2003), ಡಿಡಿಆರ್3 (2007), ಡಿಡಿಆರ್4 (2012), ಡಿಡಿಆರ್5 (2020) ಎಂಬ ಮಾನಕಗಳು ಬಂದವು. ಒಂದರ ಜಾಗದಲ್ಲಿ ಇನ್ನೊಂದು ಕೂರದಂತೆ ಪಟ್ಟಿಯ ಕೆಳಅಂಚಿನ ಕಚ್ಚನ್ನು ಬೇರೆ ಬೇರೆ ಕಡೆ ಇಟ್ಟಿದ್ದಾರೆ. ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್ನುಗಳೇ. ಆದರೂ ಕಚ್ಚು ಬೇರೆ. ಆದ್ದರಿಂದ ರ‍್ಯಾಮ್‌ನ ಬೆಲೆಯನ್ನು ಬಿಡಿಯಾಗಿ ನೋಡದೆ, ಬೋರ್ಡಿನ ಬೆಲೆಯೊಡನೆ ಕೂಡಿಸಿ ನೋಡಬೇಕು.

ದೂರದ ಬೆಂಕಿ, ಹತ್ತಿರದ ಬಿಸಿ

1993ರ ಜುಲೈಯಲ್ಲಿ ಜಪಾನಿನ ನೀಹಾಮಾದಲ್ಲಿ ರಾಳದ ಕಾರ್ಖಾನೆಯೊಂದು ಸ್ಫೋಟಗೊಂಡಿತು. ಚಿಪ್‌ಗಳಿಗೆ ಹೊದಿಕೆ ಹಾಕುವ ರಾಳ ಅಲ್ಲಿ ತಯಾರಾಗುತ್ತಿತ್ತು; ಸ್ಮೃತಿಯ ಬೆಲೆ ಜಗತ್ತಿನಾದ್ಯಂತ ಜಿಗಿಯಿತು. 1999ರ ಸೆಪ್ಟೆಂಬರ್‌ನಲ್ಲಿ ತೈವಾನಿನ ಭೂಕಂಪ, 2013ರ ಸೆಪ್ಟೆಂಬರ್‌ನಲ್ಲಿ ಚೀನಾದ ವುಶಿಯಲ್ಲಿದ್ದ ಹೈನಿಕ್ಸ್ ಕಾರ್ಖಾನೆಯ ಬೆಂಕಿ ಇದೇ ಕೆಲಸ ಮಾಡಿದವು. ಆಕಸ್ಮಿಕಗಳಷ್ಟೇ ಅಲ್ಲ. ತಯಾರಕರು ಒಳಗೊಳಗೇ ಮಾತಾಡಿಕೊಂಡು ಬೆಲೆ ನಿಗದಿ ಮಾಡಿದ ಪ್ರಕರಣದಲ್ಲಿ ಸ್ಯಾಮ್‌ಸಂಗ್ 2005ರಲ್ಲಿ ತಪ್ಪೊಪ್ಪಿಕೊಂಡು ಅಮೆರಿಕದಲ್ಲಿ 30 ಕೋಟಿ ಡಾಲರ್ ದಂಡ ತೆತ್ತಿತು. 2025ರಲ್ಲಿ ಕೃತಕ ಬುದ್ಧಿಮತ್ತೆಯ ದೊಡ್ಡ ಗಣಕಗಳ ಬೇಡಿಕೆಯಿಂದ ಬೆಲೆ ಮತ್ತೆ ಏರಿತು.

ಜಗತ್ತಿನ ಸ್ಮೃತಿ ಚಿಪ್‌ಗಳಲ್ಲಿ ಬಹುಪಾಲು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಸಂಸ್ಥೆಗಳದ್ದು. ಅಂಗಡಿಯಲ್ಲಿ ಕಾಣುವ ಹತ್ತಾರು ಹೆಸರಿನ ಪಟ್ಟಿಗಳ ಒಳಗೆ ಹೆಚ್ಚಾಗಿ ಇರುವುದು ಇವರ ಚಿಪ್‌ಗಳೇ. ಮಿನುಗುವ ದೀಪಕ್ಕೆ, ಬಣ್ಣದ ಹೊದಿಕೆಗೆ ಕೊಡುವ ಹಣದಿಂದ ನೆನಪೇನೂ ಹೆಚ್ಚುವುದಿಲ್ಲ.

ಬೆಂಗಳೂರಿನ ಒಂದು ಉತ್ತರ

ಸ್ಮೃತಿ ದುಬಾರಿಯಾದರೆ ಹಂಚಿಕೊಳ್ಳಬಾರದೇಕೆ? 1998ರಲ್ಲಿ ನಮ್ಮ ನಗರದಲ್ಲೇ ರೂಪುಗೊಂಡ ‘ಸಿಂಪ್ಯೂಟರ್’ ಯೋಜನೆ ಹೀಗೆ ಯೋಚಿಸಿತು. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯವರೂ ಸೇರಿ, ಸುಮಾರು 9,000 ರೂಪಾಯಿಯ ಗುರಿಯಿಟ್ಟು ಅಂಗೈ ಗಣಕವೊಂದನ್ನು ರೂಪಿಸಿದರು. ಅದರಲ್ಲಿ ಹಾರ್ಡ್ ಡಿಸ್ಕ್ ಇರಲಿಲ್ಲ. ಪ್ರತಿಯೊಬ್ಬರ ಮಾಹಿತಿ ಅವರವರ ಸ್ಮಾರ್ಟ್ ಕಾರ್ಡಿನಲ್ಲಿ. ಯಂತ್ರ ಮಾತ್ರ ಊರಿಗೆಲ್ಲ ಒಂದು. 2004ರಲ್ಲಿ ಬಿ.ಇ.ಎಲ್. ಕಾರ್ಖಾನೆಯಿಂದ ‘ಅಮಿಡಾ’ ಹೆಸರಿನಲ್ಲಿ ಇದು ಹೊರಬಂತು. ಮಾರಾಟ ನಿರೀಕ್ಷೆ ಮುಟ್ಟಲಿಲ್ಲ. ಆದರೂ ಎಷ್ಟು ಸ್ಮೃತಿ ಕೊಳ್ಳಬಹುದು ಎನ್ನುವ ಮೊದಲು ಎಷ್ಟು ಬೇಕು ಎಂದು ಕೇಳಬೇಕೆಂಬ ಅದರ ಪಾಠ ಉಳಿದಿದೆ.

ನೀವು ಮಾಡಬೇಕಾದದ್ದು

ಮೊದಲು ಬೋರ್ಡಿನ ಕೈಪಿಡಿಯಲ್ಲಿ ಯಾವ ಬಗೆಯ, ಯಾವ ವೇಗದ ಸ್ಮೃತಿ ಎಂದು ಓದಿ. ಬರವಣಿಗೆ, ಅಂತರಜಾಲ, ಕಾಲೇಜಿನ ಪ್ರೋಗ್ರಾಮಿಂಗ್ ಅಭ್ಯಾಸಕ್ಕೆ 8 ಗಿಗಾಬೈಟ್‌ನಿಂದ ಆರಂಭಿಸಬಹುದು. ಒಂದು ಜಾಗ ಖಾಲಿ ಬಿಟ್ಟುಕೊಳ್ಳಿ. ಮುಂದೆ ಎರಡನೆಯದನ್ನು ಸೇರಿಸುವಾಗ ಅದೇ ಗಾತ್ರ, ಅದೇ ವೇಗದ್ದನ್ನು ಕೊಳ್ಳಿ. ಬೇರೆ ವೇಗದ್ದಾದರೆ ಎರಡೂ ನಿಧಾನದ ಪಟ್ಟಿಯ ವೇಗದಲ್ಲೇ ನಡೆಯುತ್ತವೆ. ಬಿಲ್ಲು ಮತ್ತು ವಾರಂಟಿ ಇಲ್ಲದೆ ಹೊಸದನ್ನು ಕೊಳ್ಳಬೇಡಿ. ಹಳೆಯದಾಗಲಿ ಹೊಸದಾಗಲಿ, ಹಿಂತಿರುಗಿಸುವ ಅವಧಿಯೊಳಗೆ ‘ಮೆಮ್‌ಟೆಸ್ಟ್86’ ಎಂಬ ತಂತ್ರಾಂಶದಿಂದ ಪರೀಕ್ಷಿಸಿ. ಒಂದೇ ಒಂದು ದೋಷ ಕಂಡರೂ ಪಟ್ಟಿಯನ್ನು ಹಿಂತಿರುಗಿಸಿ.

ಕೊಳ್ಳುವ ಮೊದಲು ಒಂದು ಅಭ್ಯಾಸ. ಮನೆಯಲ್ಲೋ ಕಾಲೇಜಿನಲ್ಲೋ ಕೆಟ್ಟು ಕೂತ ಹಳೆಯ ಗಣಕವಿದ್ದರೆ, ಹಿರಿಯರ ಅನುಮತಿ ಪಡೆದು, ವಿದ್ಯುತ್ ತಂತಿ ಕಿತ್ತು, ಅದರ ಸ್ಮೃತಿ ಪಟ್ಟಿಯನ್ನು ಹೊರತೆಗೆಯಿರಿ. ಪಿನ್ನುಗಳೆಷ್ಟು, ಕಚ್ಚು ಎಲ್ಲಿದೆ, ಚಿಪ್‌ನ ಮೇಲೆ ಯಾರ ಹೆಸರಿದೆ ಎಂದು ಬರೆದುಕೊಳ್ಳಿ. ಈ ಲೇಖನದ ಯಾವ ಕಾಲಕ್ಕೆ ಅದು ಸೇರುತ್ತದೆಂದು ನೀವೇ ಗುರುತಿಸಬಲ್ಲಿರಿ.