ಕಾಯುವ ಕೋಣೆಯ ಮಾತು, ಜನಗಣತಿಯ ಸಾಕ್ಷಿ

ಗಲ್ಫ್ ಬಿಟ್ಟು ಆಸ್ಟ್ರೇಲಿಯಾಕ್ಕೆ ಹೋದ ನಮ್ಮ ನರ್ಸ್‌ಗಳಲ್ಲಿ ಕೆಲವರು ಸಿಡ್ನಿಯ ಪ್ಯಾರಮಟ್ಟಾ ಸುತ್ತಮುತ್ತ ನೆಲೆಸಿದ್ದಾರೆ. ಅಲ್ಲೇ ಪಕ್ಕದ ವೆಸ್ಟ್‌ಮೀಡ್‌ನಲ್ಲಿ ದೊಡ್ಡ ಮಕ್ಕಳ ಆಸ್ಪತ್ರೆಯಿದೆ. 1995ರವರೆಗೆ ಅದು ಇದ್ದದ್ದು ಕ್ಯಾಂಪರ್‌ಡೌನ್‌ನಲ್ಲಿ. ಆ ಹಳೆಯ ಆಸ್ಪತ್ರೆಯ ಕಣ್ಣಿನ ವೈದ್ಯರು ನಾರ್ಮನ್ ಗ್ರೆಗ್.

1941ರಲ್ಲಿ ಹುಟ್ಟುವಾಗಲೇ ಕಣ್ಣಿಗೆ ಪೊರೆ ಬಂದ ಕೂಸುಗಳು ಅವರ ಬಳಿಗೆ ಒಂದರ ಹಿಂದೊಂದು ಬರತೊಡಗಿದವು. ಬಸುರಿಯಾಗಿದ್ದಾಗ ಜರ್ಮನ್ ದಡಾರ, ಅಂದರೆ ರುಬೆಲ್ಲಾ, ಬಂದಿತ್ತೆಂದು ಕಾಯುವ ಕೋಣೆಯಲ್ಲಿ ತಾಯಂದಿರು ಆಡಿಕೊಂಡದ್ದು ಅವರ ಕಿವಿಗೆ ಬಿತ್ತಂತೆ. ಬೇರೆ ವೈದ್ಯರನ್ನೂ ಕೇಳಿ 78 ಮಕ್ಕಳ ವಿವರ ಕೂಡಿಸಿದರು. 68 ತಾಯಂದಿರಿಗೆ ಆ ಕಾಯಿಲೆ ಬಂದಿತ್ತು. ಅಕ್ಟೋಬರ್‌ನಲ್ಲಿ ಮೆಲ್ಬರ್ನ್‌ನ ಸಭೆಯಲ್ಲಿ ಇದನ್ನು ಮಂಡಿಸಿದರು.

1944ರಲ್ಲೂ ಲಂಡನ್ನಿನ 'ಲ್ಯಾನ್ಸೆಟ್' ಇದು ಸಾಬೀತಾಗಿಲ್ಲ ಎಂದಿತು. ಆ ಅನುಮಾನ ಪೂರ್ತಿ ತಪ್ಪಲ್ಲ. ಗ್ರೆಗ್ ನೋಡಿದ್ದು ತೊಂದರೆಯಾದ ಮಕ್ಕಳನ್ನು ಮಾತ್ರ. ಜ್ವರ ಬಂದೂ ಗಟ್ಟಿಮುಟ್ಟಾದ ಕೂಸು ಹೆತ್ತವರು ಕಣ್ಣಿನ ವೈದ್ಯರ ಹತ್ತಿರ ಯಾಕೆ ಬರುತ್ತಾರೆ? ಔಷಧವನ್ನಾದರೆ ಎರಡು ಗುಂಪು ಮಾಡಿ ಪರೀಕ್ಷಿಸಬಹುದು. ಬಸುರಿಯರಿಗೆ ರೋಗ ಹಚ್ಚಿ ನೋಡಲಾದೀತೇ?

ಹಾಗಾಗಿ ಉತ್ತರ ಸಿಕ್ಕಿದ್ದು ಹಳೆಯ ಕಡತಗಳಲ್ಲಿ. ವೈದ್ಯಕೀಯವನ್ನೂ ಗಣಿತವನ್ನೂ ಓದಿದ್ದ ಸಿಡ್ನಿಯ ಆಲಿವರ್ ಲ್ಯಾಂಕಾಸ್ಟರ್ ಜನಗಣತಿಯ ಕಿವುಡರ ಪಟ್ಟಿಗಳನ್ನು ಬಿಡಿಸಿದರು. 1911ರಲ್ಲಿ 10–14 ವಯಸ್ಸಿನವರಲ್ಲಿ ಕಿವುಡರು ಎದ್ದು ಕಾಣುವಷ್ಟು ಹೆಚ್ಚು. 1921ರಲ್ಲಿ ಅದೇ ಉಬ್ಬು 20–24ಕ್ಕೆ ಸರಿದಿತ್ತು. ಅಂದರೆ ಅದೇ ಮಕ್ಕಳು ಬೆಳೆದಿದ್ದರು! ಕಿವುಡರ ಶಾಲೆಗಳ ದಾಖಲೆ ಸೇರಿಸಿದಾಗ 1899ರ ಸುಮಾರಿನ ಹುಟ್ಟುಗಳು ಕಂಡವು, ಆ ಕಾಲದಲ್ಲಿ ರುಬೆಲ್ಲಾ ಹರಡಿತ್ತು. 1951ರಲ್ಲಿ ಇದನ್ನು ಪ್ರಕಟಿಸಿದರು. ಗ್ರೆಗ್ ಹುಟ್ಟಿದ್ದು 1892ರಲ್ಲಿ. ಸಾಕ್ಷಿ ಅವರ ಯೌವನದಿಂದಲೇ ಕಚೇರಿಯ ಕಪಾಟಿನಲ್ಲಿ ಕೂತಿತ್ತು.

ಆಸ್ಟ್ರೇಲಿಯಾದಲ್ಲಿ 1971ರಿಂದ ಶಾಲಾ ಹುಡುಗಿಯರಿಗೆ ಲಸಿಕೆ ಶುರುವಾಯಿತು. 2018ರಲ್ಲಿ ಆ ದೇಶ ರುಬೆಲ್ಲಾಮುಕ್ತವೆನಿಸಿತು.

ನಮ್ಮಲ್ಲಿ ದಡಾರ–ರುಬೆಲ್ಲಾ ಲಸಿಕೆಯ ಅಭಿಯಾನ ಆರಂಭವಾದದ್ದು 2017ರ ಫೆಬ್ರವರಿಯಲ್ಲಿ, ಬೆಂಗಳೂರಿನಿಂದಲೇ. 9 ತಿಂಗಳಿಂದ 15 ವರ್ಷದವರೆಗಿನ ಮಕ್ಕಳಿಗೆಲ್ಲ. ಆಗ ವಾಟ್ಸಾಪ್ ಸುದ್ದಿ ನೋಡಿ ಹೆದರಿದ ನಮ್ಮ ಗೆಳೆಯರು ಇಲ್ಲಿಂದಲೇ ಊರಿಗೆ ಫೋನ್ ಮಾಡಿ "ಮಗಳಿಗೆ ಹಾಕಿಸಬೇಡ" ಎಂದದ್ದು ನಮಗೆ ಗೊತ್ತು. ಆ ಹೆಣ್ಣುಮಕ್ಕಳು ಈಗ ಮದುವೆಯ ವಯಸ್ಸಿಗೆ ಬರುತ್ತಿದ್ದಾರೆ. ಗರ್ಭಿಣಿಯರಿಗೆ ಈ ಲಸಿಕೆ ಕೊಡುವುದಿಲ್ಲ, ಹಾಕಿಸಿದ ಮೇಲೂ ಗರ್ಭ ಧರಿಸಲು ಒಂದು ತಿಂಗಳಾದರೂ ಕಾಯಬೇಕು. ಅದಕ್ಕೇ ರಜೆಗೆ ಹೊರಟವರು ಮಗಳ ಮದುವೆಯ ಕಾಗದ ತೋರಿಸಿದಾಗ ನಾವು ಕೌಂಟರಿನಲ್ಲೇ ಕೇಳುತ್ತೇವೆ: "ಆ ವರ್ಷ ಹಾಕಿಸಿದ್ದಿರಾ?"