ರಾಷ್ಟ್ರಗೀತೆಗೆ ಆಟಗಾರ ಎದ್ದು ನಿಲ್ಲದಿದ್ದರೆ ಕಾನೂನು ಏನನ್ನುತ್ತದೆ?

ಆಗಸ್ಟ್ 15, ಜನವರಿ 26 ಬಂದರೆ ರಾಯದುರ್ಗ, ಮಡಕಶಿರಾ ಕಡೆಯ ಹಳ್ಳಿಗಳಲ್ಲಿ ಬಾವುಟ ಹಾರಿಸಿದ ಮೇಲೆ ಆಟದ ಪಂದ್ಯಗಳು ಇದ್ದದ್ದೇ. ಮೈದಾನದ ಸುತ್ತ ಕನ್ನಡವೂ ಕೇಳುತ್ತದೆ, ತೆಲುಗೂ ಕೇಳುತ್ತದೆ. ರಾಷ್ಟ್ರಗೀತೆ ಮಾತ್ರ ಒಂದೇ. ಆ 52 ಸೆಕೆಂಡಿನಲ್ಲಿ ಒಬ್ಬ ಆಟಗಾರ ಬಾಯಿ ತೆರೆಯದೆ ನಿಂತರೆ ಅಥವಾ ನಿಲ್ಲದೇ ಕುಳಿತರೆ ಅದು ಅಪರಾಧವೇ? ಅಮೆರಿಕದ ಆಟಗಾರರು ಮಂಡಿಯೂರಿದ್ದನ್ನು ಟಿವಿಯಲ್ಲಿ ಕಂಡವರು 'ನಮ್ಮಲ್ಲಾದರೆ ನೇರ ಜೈಲು' ಎನ್ನುವುದುಂಟು. ಅದು ಪೂರ್ತಿ ನಿಜವಲ್ಲ.

ಅಮೆರಿಕದಲ್ಲಿ ನಡೆದದ್ದು

ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್ ತಂಡದ ಕಾಲಿನ್ ಕೆಪರ್ನಿಕ್ 2016ರ ಆಗಸ್ಟ್‌ನಲ್ಲಿ ರಾಷ್ಟ್ರಗೀತೆಯ ವೇಳೆ ಬೆಂಚಿನ ಮೇಲೆ ಕುಳಿತೇ ಇದ್ದರು. ಕಪ್ಪು ಜನಾಂಗದವರ ಮೇಲೆ ಪೊಲೀಸರು ನಡೆಸುವ ದೌರ್ಜನ್ಯ ಖಂಡಿಸುವುದು ಅವರ ಉದ್ದೇಶ. ಮಾಜಿ ಸೈನಿಕ ನೇಟ್ ಬಾಯರ್ ಜತೆ ಮಾತಾಡಿದ ಮೇಲೆ, ಸೈನಿಕರಿಗೆ ಅಗೌರವವಾಗಬಾರದೆಂದು ಸೆಪ್ಟೆಂಬರ್ 1ರಿಂದ ಕೂರುವ ಬದಲು ಒಂದು ಮಂಡಿ ಊರತೊಡಗಿದರು. ಹಾಗೆ ಯೋಚಿಸಿ ಆರಿಸಿಕೊಂಡ ಭಂಗಿಯೇ ದೊಡ್ಡ ರಗಳೆಯಾಯಿತು. 2017ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಟ್ರಂಪ್, ಇಂಥವರನ್ನು ತಂಡದಿಂದ ಹೊರಗೆ ಹಾಕಿ ಎಂದು ಭಾಷಣ ಮಾಡಿದರು.

ಕೆಪರ್ನಿಕ್ ಮೇಲೆ ಕೇಸು ಬೀಳಲಿಲ್ಲ. ಆದರೆ 2016ರ ಸೀಸನ್ ಮುಗಿದ ಮೇಲೆ ಯಾವ ತಂಡವೂ ಅವರನ್ನು ಸೇರಿಸಿಕೊಳ್ಳಲಿಲ್ಲ. ಅಲ್ಲಿನ ಸಂವಿಧಾನ ಸರ್ಕಾರದ ಕೈ ಕಟ್ಟುತ್ತದೆ, ತಂಡದ ಮಾಲೀಕರ ಕೈಯನ್ನಲ್ಲ. ಅವರು ಹೂಡಿದ್ದ ದೂರು 2019ರ ಫೆಬ್ರವರಿಯಲ್ಲಿ ರಾಜಿಯಾಯಿತು. ಆಟಗಾರರ ಮಾತಿಗೆ ಮೊದಲೇ ಕಿವಿಗೊಡದೇ ಇದ್ದದ್ದು ತಪ್ಪು ಎಂದು ಲೀಗ್‌ನ ಮುಖ್ಯಸ್ಥ ರೋಜರ್ ಗುಡೆಲ್ ಹೇಳಿದ್ದು 2020ರ ಜೂನ್‌ನಲ್ಲಿ.

ಒಂದು ವ್ಯತ್ಯಾಸ ಗಮನಿಸಬೇಕು. ಅಲ್ಲಿ ಊರೂರಿನ ಲೀಗ್ ಪಂದ್ಯಗಳಿಗೂ ರಾಷ್ಟ್ರಗೀತೆ ಕಡ್ಡಾಯ ಎಂಬಷ್ಟು ರೂಢಿ. ನಮ್ಮ ಆಟಗಾರರಿಗೆ ಅದು ಹೆಚ್ಚಾಗಿ ಸಿಗುವುದು ದೇಶದ ಪರ ಆಡುವಾಗ, ಇಲ್ಲವೇ ಪದಕ ಗೆದ್ದಾಗ. ಆ ಗಳಿಗೆಗಾಗಿ ಬೆವರು ಸುರಿಸಿದವರು ಅದನ್ನೇ ಪ್ರತಿಭಟನೆಗೆ ಬಳಸುವುದು ಅಪರೂಪ. 2023ರಲ್ಲಿ ಸಾಕ್ಷಿ ಮಲಿಕ್, ವಿನೇಶ್ ಫೋಗಟ್, ಬಜರಂಗ್ ಪೂನಿಯಾ ದೂರು ಹೊತ್ತು ಕುಳಿತದ್ದು ದಿಲ್ಲಿಯ ಜಂತರ್ ಮಂತರ್‌ನಲ್ಲಿ, ಅದೂ ತ್ರಿವರ್ಣ ಧ್ವಜ ಹಿಡಿದು.

ಪ್ರತಿಭಟಿಸದೇ ಸಿಕ್ಕಿಬಿದ್ದವರು

ನಮ್ಮಲ್ಲಿ ಪ್ರತಿಭಟನೆಯೇ ಇಲ್ಲದೆ ಬೈಸಿಕೊಂಡವರಿದ್ದಾರೆ. 2017ರ ಜನವರಿ 26ರಂದು ಕಾನ್ಪುರದಲ್ಲಿ ಇಂಗ್ಲೆಂಡ್ ವಿರುದ್ಧದ ಟಿ20 ಪಂದ್ಯಕ್ಕೆ ಮುನ್ನ ಕಾಶ್ಮೀರದ ಪರ್ವೇಜ್ ರಸೂಲ್ ರಾಷ್ಟ್ರಗೀತೆಯ ವೇಳೆ ಚ್ಯೂಯಿಂಗ್ ಗಮ್ ಅಗಿಯುತ್ತಿದ್ದರೆಂದು ಇಂಟರ್‌ನೆಟ್ ತುಂಬ ಕೂಗೆದ್ದಿತು. ಹೈದರಾಬಾದಿನ ಸಾನಿಯಾ ಮಿರ್ಜಾ ಕಥೆ ಇನ್ನೂ ಕಹಿ. 2008ರ ಜನವರಿಯಲ್ಲಿ ಪರ್ತ್‌ನಲ್ಲಿ ಕಾಲು ಚಾಚಿ ಕುಳಿತಿದ್ದಾಗ ಪಕ್ಕದಲ್ಲಿ ತ್ರಿವರ್ಣ ಧ್ವಜವಿದ್ದ ಫೋಟೋ ಒಂದು ಸಾಕಾಯಿತು; ದೂರು ದಾಖಲಾಯಿತು. ಬೇಸತ್ತ ಅವರು ಆ ವರ್ಷದ ಬೆಂಗಳೂರು ಟೂರ್ನಿಯನ್ನೇ ಬಿಟ್ಟರು. ನಷ್ಟವಾದದ್ದು ಬೆಂಗಳೂರಿನ ಪ್ರೇಕ್ಷಕರಿಗೆ, ಧ್ವಜಕ್ಕೇನೂ ಲಾಭವಾಗಲಿಲ್ಲ!

ಇನ್ಫೋಸಿಸ್‌ನ ನಾರಾಯಣ ಮೂರ್ತಿ ಅವರೂ ಇದರಿಂದ ಪಾರಾಗಲಿಲ್ಲ. 2007ರ ಏಪ್ರಿಲ್‌ನಲ್ಲಿ ರಾಷ್ಟ್ರಪತಿ ಕಲಾಂ ಮೈಸೂರು ಕ್ಯಾಂಪಸ್ಸಿಗೆ ಬಂದಾಗ ಹಾಡಿಸದೆ ವಾದ್ಯದಲ್ಲಿ ಮಾತ್ರ ನುಡಿಸಿದ್ದಕ್ಕೆ, ಹಾಡಿದರೆ ಅಲ್ಲಿದ್ದ ವಿದೇಶೀಯರಿಗೆ ಮುಜುಗರ ಎಂದದ್ದಕ್ಕೆ, ಕರ್ನಾಟಕದಲ್ಲಿ ಗದ್ದಲವೆದ್ದು ಅವರು ಕ್ಷಮೆ ಕೇಳಬೇಕಾಯಿತು.

ಕಾನೂನು ಎಲ್ಲಿಯವರೆಗೆ?

ಇದಕ್ಕಿರುವುದು 1971ರ ರಾಷ್ಟ್ರ ಗೌರವ ಅಪಮಾನ ತಡೆ ಕಾಯ್ದೆ. ಅದರ 3ನೇ ಕಲಮಿನಲ್ಲಿ ರಾಷ್ಟ್ರಗೀತೆ ಹಾಡುವುದನ್ನು ಬೇಕೆಂದೇ ತಡೆಯುವುದು, ಹಾಡುತ್ತಿರುವ ಸಭೆಗೆ ಅಡ್ಡಿಪಡಿಸುವುದು ಅಪರಾಧ. ಶಿಕ್ಷೆ ಮೂರು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಎದ್ದು ನಿಲ್ಲಬೇಕು ಎನ್ನುವುದು ಕೇಂದ್ರ ಗೃಹ ಇಲಾಖೆಯ ಸೂಚನೆಯಲ್ಲಿದೆ. ಗೌರವಿಸುವುದು ಸಂವಿಧಾನದ 51ಎ ವಿಧಿಯ ಮೂಲಭೂತ ಕರ್ತವ್ಯವೂ ಹೌದು. ಆದರೆ ಕರ್ತವ್ಯ ಬೇರೆ, ಶಿಕ್ಷೆ ಬೇರೆ.

ಈ ಗೆರೆಯನ್ನು ಸ್ಪಷ್ಟವಾಗಿ ಎಳೆದದ್ದು ಕೇರಳದ ಮೂವರು ಶಾಲಾ ಮಕ್ಕಳ ಪ್ರಕರಣ. ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದ ಈ ಅಣ್ಣ ತಂಗಿಯರು ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. 1985ರ ಜುಲೈನಲ್ಲಿ ಶಾಲೆಯಿಂದ ಹೊರಹಾಕಲಾಯಿತು. ಹೈಕೋರ್ಟಿನಲ್ಲಿ ಸೋತು ಸುಪ್ರೀಂ ಕೋರ್ಟಿಗೆ ಹೋದರು. 1986ರ ಆಗಸ್ಟ್ 11ರಂದು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ, ಎಂ.ಎಂ. ದತ್ ಪೀಠ ಮಕ್ಕಳ ಪರ ತೀರ್ಪು ಕೊಟ್ಟಿತು. ಗೌರವದಿಂದ ನಿಂತವರು ಹಾಡದಿದ್ದರೆ ಅದು ಅಡ್ಡಿಯೂ ಅಲ್ಲ, ಅಗೌರವವೂ ಅಲ್ಲ. ಹಾಡಲೇಬೇಕೆಂಬ ಕಾನೂನೇ ಇಲ್ಲ ಎಂದಿತು. ಅಂದ ಹಾಗೆ, ಕರ್ನಾಟಕದ ಹಿಂದುಳಿದ ವರ್ಗಗಳ ಬಗ್ಗೆ 1990ರಲ್ಲಿ ವರದಿ ಕೊಟ್ಟ ಚಿನ್ನಪ್ಪ ರೆಡ್ಡಿ ಆಯೋಗದ ರೆಡ್ಡಿ ಅವರೇ ಇವರು.

ಕುಳಿತೇ ಇದ್ದರೆ? ಆ ಮಕ್ಕಳು ನಿಂತಿದ್ದರು ಎಂಬುದನ್ನು ಮರೆಯಬಾರದು. ಆದರೆ 2021ರಲ್ಲಿ ಕಾಲೇಜು ಉಪನ್ಯಾಸಕರೊಬ್ಬರ ಪ್ರಕರಣದಲ್ಲಿ ಜಮ್ಮು ಮತ್ತು ಕಾಶ್ಮೀರ ಹೈಕೋರ್ಟ್, ನಿಲ್ಲದಿರುವುದು ಅಗೌರವ ಎನಿಸಬಹುದಾದರೂ ಅಷ್ಟಕ್ಕೇ 3ನೇ ಕಲಮಿನ ಅಪರಾಧವಾಗದು ಎಂದು ಎಫ್‌ಐಆರ್ ರದ್ದು ಮಾಡಿತು. ಚಿತ್ರಮಂದಿರಗಳಲ್ಲಿ ರಾಷ್ಟ್ರಗೀತೆ ಕಡ್ಡಾಯ ಎಂದು 2016ರ ನವೆಂಬರ್ 30ರಂದು ಆದೇಶಿಸಿದ್ದ ಸುಪ್ರೀಂ ಕೋರ್ಟ್ ಕೂಡ 2018ರ ಜನವರಿ 9ರಂದು ಆ ಕಡ್ಡಾಯವನ್ನು ತೆಗೆದುಹಾಕಿತು. ಆದರೂ ನುಡಿಸಿದಲ್ಲಿ ಎದ್ದು ನಿಲ್ಲಬೇಕು. ಹಾಗೆ ನಿಲ್ಲಲಿಲ್ಲವೆಂದು 2019ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಒಂದು ಚಿತ್ರಮಂದಿರದಲ್ಲಿ ಕೆಲವರನ್ನು ಸುತ್ತುವರಿದು ಹೀಯಾಳಿಸಿದ ವಿಡಿಯೋ ಎಲ್ಲ ಕಡೆ ಹರಿದಾಡಿತು. ಕುಳಿತವರ ವರ್ತನೆಗಿಂತ ಆ ಕೂಗಾಟವೇ ರಾಷ್ಟ್ರಗೀತೆಗೆ ಶೋಭೆ ತರಲಿಲ್ಲ ಎಂಬುದು ಈ ಲೇಖಕನ ಅನಿಸಿಕೆ.

ನಮ್ಮ ಮೈದಾನಗಳಲ್ಲಿ

ಗಡಿಯಲ್ಲಿ ಇನ್ನೊಂದು ಗೊಂದಲವಿದೆ. ಆಂಧ್ರದ ನಾಡಗೀತೆ 'ಮಾ ತೆಲುಗು ತಲ್ಲಿಕಿ'. ಗಡಿ ದಾಟಿ ಪಾವಗಡಕ್ಕೋ ಮೊಳಕಾಲ್ಮೂರಿಗೋ ಆಡಲು ಹೋದರೆ, 2004ರಲ್ಲಿ ಕರ್ನಾಟಕ ನಾಡಗೀತೆಯಾಗಿ ಒಪ್ಪಿಕೊಂಡ 'ಜಯ ಭಾರತ ಜನನಿಯ ತನುಜಾತೆ'. ಎರಡಕ್ಕೂ ನಿಲ್ಲುವುದು ಸಂಪ್ರದಾಯ, ಮರ್ಯಾದೆ. ರಾಷ್ಟ್ರಗೀತೆಗಿರುವ 3ನೇ ಕಲಮು ನಾಡಗೀತೆಗಳಿಗೆ ಇಲ್ಲ. ಹಾಗಾಗಿ ಆಚೆಯ ಹಾಡಿಗೆ ಈಚೆಯ ಹುಡುಗ ದನಿಗೂಡಿಸಲಿಲ್ಲವೆಂದು ಪೊಲೀಸ್ ಠಾಣೆ ಮೆಟ್ಟಿಲು ಹತ್ತುವುದರಲ್ಲಿ ಅರ್ಥವಿಲ್ಲ.

ಕನ್ನಡ ಶಾಲೆಗೆ ಮೇಷ್ಟ್ರು ಬೇಕು, ಕೆರೆಗೆ ನೀರು ಬೇಕು ಎಂದು ಆಟಗಾರರು ಕಪ್ಪು ಪಟ್ಟಿ ಕಟ್ಟಿಕೊಂಡು ಸುಮ್ಮನೆ ನಿಂತರೆ ಹಾಡಿಗೆ ಅಡ್ಡಿಯಾದಂತೆ ಆಗದು. ನಡುವೆ ಘೋಷಣೆ ಕೂಗಿದರೆ, ಮೈಕ್ ಕಿತ್ತರೆ ಕಾಯ್ದೆ ಅಡ್ಡ ಬರುತ್ತದೆ. ಪಂದ್ಯ ನಡೆಸುವವರಿಗೆ ತಮ್ಮದೇ ನಿಯಮವಿದ್ದರೆ ತಂಡವನ್ನು ಕೈಬಿಡಬಹುದು, ಅದನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಒಲಿಂಪಿಕ್ಸ್‌ನಲ್ಲೂ 2021ರಲ್ಲಿ ಸ್ಪರ್ಧೆಗೆ ಮುಂಚಿನ ಮೌನ ಪ್ರತಿಭಟನೆಗೆ ಸಡಿಲಿಕೆ ಸಿಕ್ಕಿತೇ ಹೊರತು ಪದಕ ವೇದಿಕೆಯ ಮೇಲಲ್ಲ. ಇನ್ನು ನಿಲ್ಲದವನ ಕಾಲರ್ ಹಿಡಿದು ಎಬ್ಬಿಸುವ, ಕೈಮಾಡುವ ಅಧಿಕಾರ ಸಂಘಟಕರಿಗೂ ಇಲ್ಲ, ಪ್ರೇಕ್ಷಕರಿಗೂ ಇಲ್ಲ. ಹಾಗೆ ಮಾಡಿದರೆ ಕೇಸು ಬೀಳುವುದು ಕೈಮಾಡಿದವರ ಮೇಲೆ.