ಕನ್ನಡ ಕಿರುತೆರೆ ಹಾಸ್ಯದಲ್ಲಿ ಸಲಿಂಗಪ್ರೇಮ

ಮನೆಮಂದಿಯೆಲ್ಲ ಕೂತು ನೋಡುವ ಹಾಸ್ಯ ಧಾರಾವಾಹಿಗೆ ಸಂಸಾರವೇ ಬಂಡವಾಳ. ಆ ಸಂಸಾರದೊಳಗೆ ಅಮೆರಿಕದ ಟಿ.ವಿ. ಸಲಿಂಗಿಗಳನ್ನು ನಿಧಾನವಾಗಿ ಬಿಟ್ಟುಕೊಂಡಿತು. 1971ರಲ್ಲಿ 'ಆಲ್ ಇನ್ ದ ಫ್ಯಾಮಿಲಿ'ಯ ಒಂದು ಕಂತಿನಲ್ಲಿ ನಾಯಕನ ಗಟ್ಟಿಮುಟ್ಟಾದ ಗೆಳೆಯನೇ ಸಲಿಂಗಿ ಎಂದು ಗೊತ್ತಾಗುತ್ತದೆ. 1997ರ ಏಪ್ರಿಲ್ 30ರಂದು 'ಎಲೆನ್' ಧಾರಾವಾಹಿಯ ನಾಯಕಿ ತಾನು ಸಲಿಂಗಿ ಎಂದು ತಾನೇ ಬಾಯಿಬಿಟ್ಟು ಹೇಳಿಕೊಂಡಳು. 'ಮಾಡರ್ನ್ ಫ್ಯಾಮಿಲಿ'ಯಲ್ಲಿ (2009–2020) ಮಿಚೆಲ್ ಮತ್ತು ಕ್ಯಾಮರಾನ್ ದತ್ತುಮಗಳನ್ನು ಸಾಕುವ ಸಂಸಾರಸ್ಥರು. ಹೆಸರಾದ ಕನ್ನಡ ಹಾಸ್ಯ ಧಾರಾವಾಹಿಗಳಲ್ಲಿ ಅಂಥ ಜೋಡಿಗೆ ಮನೆ ಸಿಕ್ಕಿಲ್ಲ.

ಈಟಿವಿ ಕನ್ನಡದ 'ಸಿಲ್ಲಿ ಲಲ್ಲಿ', 'ಪಾಪ ಪಾಂಡು' 2000ರ ದಶಕದ ಜನಪ್ರಿಯ ಮಾದರಿಗಳು. ಸಿಹಿಕಹಿ ಚಂದ್ರು ಅವರ 'ಪಾಪ ಪಾಂಡು'ವಿನಲ್ಲಿ ಹೆಂಡತಿ ಶ್ರೀಮತಿಯ ಕೈಯಲ್ಲಿ ಗಂಡ ಪಾಂಡು ಪೆಟ್ಟು ತಿನ್ನುವುದೇ ನಗೆ. ಯಜಮಾನಿಕೆ ಅದಲುಬದಲಾದರೂ ಮನೆ ಗಂಡ-ಹೆಂಡಿರದ್ದೇ. ಮುಂದೆ 'ಕಾಮಿಡಿ ಕಿಲಾಡಿಗಳು' (ಜೀ ಕನ್ನಡ, 2016) ಥರದ ಸ್ಕಿಟ್‌ಗಳಲ್ಲಿ ಸೀರೆಯುಟ್ಟ ಗಂಡಸು ಕಾಣಿಸಿಕೊಂಡ. ಇದನ್ನು ಕಂಪನಿ ನಾಟಕದ ಸ್ತ್ರೀಪಾತ್ರದ ಮುಂದುವರಿಕೆ ಎನ್ನುವುದು ಪೂರ್ತಿ ಸರಿಯಲ್ಲ. ಅಲ್ಲಿ ಪ್ರೇಕ್ಷಕ ಹೆಣ್ಣೆಂದೇ ನಂಬಬೇಕಿತ್ತು, ಇಲ್ಲಿ ನಂಬದೆ ನಗಬೇಕು. ನಡಿಗೆ ಬಳುಕಿದರೆ ಸಾಕು, 'ಹೆಣ್ಣಿಗ' ಎಂಬ ಅಡ್ಡಹೆಸರು ಬೀಳುತ್ತದೆ. ಅವನು ಯಾರನ್ನು ಪ್ರೀತಿಸುತ್ತಾನೆಂದು ಯಾರೂ ಕೇಳುವುದಿಲ್ಲ.

ಕಿರುತೆರೆ ಹೀಗಿದ್ದಾಗ ಬೆಂಗಳೂರು ಬೇರೆಯೇ ದಾರಿಯಲ್ಲಿತ್ತು. 1990ರ ದಶಕದಲ್ಲೇ ಸಲಿಂಗಿಗಳ 'ಗುಡ್ ಆ್ಯಸ್ ಯು' ಬಳಗ (1994) ಮತ್ತು 'ಸಂಗಮ' ಸಂಸ್ಥೆ (1999) ಹುಟ್ಟಿದವು. ಸಾಫ್ಟ್‌ವೇರ್ ಉದ್ಯೋಗದಲ್ಲಿ ಬಹುಕಾಲ ಇದ್ದ ವಸುಧೇಂದ್ರ 2013ರಲ್ಲಿ 'ಮೋಹನಸ್ವಾಮಿ' ಕಥೆಗಳನ್ನು ಪ್ರಕಟಿಸಿದರು. ಸಲಿಂಗಿಯ ಆಸೆ, ಅವಮಾನ, ಒಂಟಿತನಗಳು ಕನ್ನಡ ಓದುಗರ ಕೈಗೆ ಬಂದದ್ದು ಹೀಗೆ, ಟಿ.ವಿ.ಯ ಹಂಗಿಲ್ಲದೆ. ಅದೇ ವರ್ಷದ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮನ್ನು ಎತ್ತಿಹಿಡಿಯಿತು.

2018ರ ಸೆಪ್ಟೆಂಬರ್ 6ರ ತೀರ್ಪು ವಯಸ್ಕರ ಸಮ್ಮತಿಯ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. ಮುಂದಿನ ತಿಂಗಳೇ ಆರಂಭವಾದ 'ಬಿಗ್ ಬಾಸ್ ಕನ್ನಡ'ದ ಆರನೇ ಆವೃತ್ತಿಗೆ ಲೈಂಗಿಕ ಅಲ್ಪಸಂಖ್ಯಾತ ಸಮುದಾಯದ ಆ್ಯಡಂ ಪಾಷಾ ಬಂದರು. 2023ರ ಹತ್ತನೇ ಆವೃತ್ತಿಯಲ್ಲಿ ನೀತು ವನಜಾಕ್ಷಿ ಇದ್ದರು. ಅವರು ಟ್ರಾನ್ಸ್ ಮಹಿಳೆ; ಲಿಂಗತ್ವದ ಗುರುತು ಬೇರೆ, ಸಲಿಂಗಪ್ರೇಮ ಬೇರೆ, ಆದರೂ ಕಿರುತೆರೆ ಎರಡನ್ನೂ ಒಂದೇ ಗಂಟು ಕಟ್ಟುತ್ತದೆ. ರಿಯಾಲಿಟಿ ಷೋ ಮನೆಯಲ್ಲಿ ಸ್ಪರ್ಧಿಗಳು ಕೆಲವು ವಾರ ಇದ್ದು ಹೋಗುತ್ತಾರೆ. ಹಾಸ್ಯ ಧಾರಾವಾಹಿಯ ಮನೆ ನಿಂತಿರುವುದು ಮದುವೆಯ ಮೇಲೆ. ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ಸುಪ್ರೀಂ ಕೋರ್ಟ್ ಒಪ್ಪದಿದ್ದದ್ದು ಅದೇ 2023ರ ಅಕ್ಟೋಬರ್ 17ರಂದು.